ಹಳದಿ ಪಾಕೀಟು, ಬೂದು ಪಾಕೀಟು

ನನ್ನ ಎಡಗಡೆಯ ಗರ್ಭನಾಳ ಮುಚ್ಚಿಕೊಂಡಿದೆ, ಬಲಗಡೆಯದು ತೆರೆದಿದೆ. ಎಕ್ಸ್‌ರೇ ಫಿಲ್ಮ್ ಇಷ್ಟೇ ಹೇಳುತ್ತದೆ. ಅದು ಹೇಗೆ ಮುಚ್ಚಿತು, ಮುಚ್ಚುವ ಮೊದಲು ಏನೇನಾಯಿತು ಅನ್ನುವುದನ್ನು ಬರೆದಿಡಬೇಕು ಅನ್ನಿಸಿದ್ದು, ಬನಹಟ್ಟಿ, ರಬಕವಿ, ತೇರದಾಳದ ಕಡೆ ಹೆಂಗಸರು ಕಿಬ್ಬೊಟ್ಟೆ ನೋವಿನ ಮಾತು ತೆಗೆದಾಗ ಪಿ.ಐ.ಡಿ. (ಗರ್ಭಚೀಲ, ಅದರ ನಾಳ, ಅಂಡಾಶಯಕ್ಕೆ ತಗಲುವ ಸೋಂಕು) ಅಂತ ಯಾರೂ ಅಂದದ್ದನ್ನು ನಾನು ಕೇಳಿಲ್ಲವಾದ್ದರಿಂದ. ಆ್ಯಸಿಡಿಟಿ ಅಂತಾರೆ, ಉಷ್ಣ ಅಂತಾರೆ, ಹರಳು ಅಂತಾರೆ. ನನಗೂ ಈ ಮೂರನ್ನೂ ಅಂದರು.

ನಮ್ಮದು ಪವರ್‌ಲೂಮ್ ಮನೆ. ನಾನು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಲಾರ್ಕ್. ಮನೆಯವರು ಸೀರೆ ಮಾಲು ತಗೊಂಡು ಇಚಲಕರಂಜಿ ಕಡೆ ಓಡಾಡುತ್ತಿರುತ್ತಾರೆ. ಒಬ್ಬಳು ಮಗಳಿದ್ದಾಳೆ. ಎರಡನೇದಕ್ಕೆ ಗರ್ಭ ನಿಂತಿತ್ತು, ಮೂರನೇ ತಿಂಗಳಲ್ಲಿ ಇಳಿದುಹೋಯಿತು. ಪೂರ್ತಿ ಬಿದ್ದಿಲ್ಲ ಅಂತ ಒಂದು ಖಾಸಗಿ ದವಾಖಾನೆಯಲ್ಲಿ ಕ್ಯುರೆಟಿಂಗ್ ಮಾಡಿದರು, ಅಂದರೆ ಗರ್ಭಚೀಲದೊಳಗೆ ಉಳಿದದ್ದನ್ನು ಕೆರೆದು ತೆಗೆದರು. ಅದಾಗಿ ಕೆಲವು ವಾರಗಳಿಗೆ ನೋವು ಶುರುವಾಯಿತು.

ಮುಟ್ಟಿನ ನೋವು ನನಗೆ ಗೊತ್ತು. ಅದು ಬರುತ್ತದೆ, ಹೋಗುತ್ತದೆ. ಇದು ಹೊಕ್ಕಳದ ಕೆಳಗೆ ಎರಡೂ ಕಡೆ ಒಂದೇ ಸಮ ಕೂತಿತ್ತು, ಎಡಕ್ಕೆ ಸ್ವಲ್ಪ ಹೆಚ್ಚು. ಕುರ್ಚಿಯಿಂದ ಎದ್ದರೆ ನೋವು, ಮೆಟ್ಟಿಲು ಇಳಿದರೆ ನೋವು. ಬಿಳಿ ಹೋಗುವುದು ಹೆಚ್ಚಾಗಿ ಹಳದಿಗೆ ತಿರುಗಿತ್ತು, ವಾಸನೆ ಇತ್ತು. ಮುಟ್ಟಿನ ದಿನ ಅಲ್ಲದಾಗಲೂ ಬಟ್ಟೆಗೆ ರಕ್ತದ ಕಲೆ ಕಾಣುತ್ತಿತ್ತು. ಗಂಡ ಹತ್ತಿರ ಬಂದರೆ ಒಳಗೆ ಆಳದಲ್ಲಿ ಚುಚ್ಚಿದ ಹಾಗೆ. ರಾತ್ರಿ ಮೈ ಬಿಸಿ, ಬೆಳಿಗ್ಗೆ ಏನೂ ಇಲ್ಲ. ಇದರಲ್ಲಿ ಜ್ವರವೊಂದನ್ನು ಬಿಟ್ಟು ಉಳಿದದ್ದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಜ್ವರ ಅಂದಿದ್ದಕ್ಕೆ ಅತ್ತೆ, "ಹೆಣ್ಣಮಕ್ಕಳಿಗಿ ಹೊಟ್ಟಿ ನೋಯೂದು ಏನ ಹೊಸಾದೇನವಾ? ಜೀರಗಿ ಕಷಾಯ ಕುಡಿ" ಅಂದರು. ಅವರ ಕಾಲದಲ್ಲಿ ಅವರಿಗೂ ಯಾರೋ ಹಾಗೇ ಹೇಳಿದ್ದರು, ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಗುಳಿಗೆ ಕೊಟ್ಟರು, ತಗೊಂಡ ದಿನ ಹಗುರ. ಊರಿನ ಡಾಕ್ಟರೊಬ್ಬರು ಹೊಟ್ಟೆ ಒತ್ತಿ ನೋಡಿ ಉರಿಮೂತ್ರ ಅಂದರು, ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ರಿಪೋರ್ಟ್ ಪೂರ್ತಿ ನಾರ್ಮಲ್. ಆ ನಾರ್ಮಲ್ ಅನ್ನುವ ಶಬ್ದ ನೋಡಿ ಮನೆಯವರೆಲ್ಲರಿಗೂ ನಿರಾಳವಾಯಿತು, ನನ್ನ ಹೊಟ್ಟೆಗೆ ಮಾತ್ರ ಆಗಲಿಲ್ಲ. ಈ ಕಾಯಿಲೆಯ ಶುರುವಿನಲ್ಲಿ ಸ್ಕ್ಯಾನಿಂಗಿನಲ್ಲಿ ಏನೂ ಕಾಣದೇ ಇರಬಹುದು, ಕೀವು ತುಂಬಿ ಗಡ್ಡೆಯಾದ ಮೇಲೆ ಅಥವಾ ನಾಳ ಉಬ್ಬಿದ ಮೇಲೆ ಅದು ಚೆನ್ನಾಗಿ ಕಾಣುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಂದರೆ ಹಾಳಾದ ಮೇಲೆ.

ನಮ್ಮ ಸಂಘಕ್ಕೆ ಪಿಗ್ಮಿ ಕಟ್ಟಲು ಬರುವ ಒಬ್ಬ ಆಶಾ ಕಾರ್ಯಕರ್ತೆ ನಾನು ಕುರ್ಚಿಯಲ್ಲಿ ವಾರೆಯಾಗಿ ಕೂತಿದ್ದನ್ನು ನೋಡಿ ಕೇಳಿದರು. ಕೌಂಟರಿನ ಆಚೆ ಕರೆದು ಮೆಲ್ಲಗೆ ಹೇಳಿದೆ. "ಅಕ್ಕಾರ, ಬಿಳಿ ಹೋಗೂದು, ಜ್ವರಾ, ಕಿಬ್ಬೊಟ್ಟಿ ಬ್ಯಾನಿ, ಮೂರೂ ಕೂಡಿದ್ರ ಮನ್ಯಾಗ ಕೂಡಬ್ಯಾಡ್ರಿ. ನಾಳೇನ ಬಾಗಲಕೋಟಿಗಿ ಹೋಗ್ರಿ" ಅಂದರು. ಡಾಕ್ಟರಿಕೆ ಕಲಿತವರು ಕೇಳದ ಮೂರು ಪ್ರಶ್ನೆ ಅವರು ಕೌಂಟರಿಗೆ ಒರಗಿ ನಿಂತು ಕೇಳಿದ್ದರು.

ಜಮಖಂಡಿಯಿಂದ ಬಸ್ಸು. ಗದ್ದನಕೇರಿ ಕ್ರಾಸ್ ಬರುವಷ್ಟರಲ್ಲಿ ದಾರಿಯ ಒಂದೊಂದು ತಗ್ಗೂ ಹೊಟ್ಟೆಯಲ್ಲಿ ಲೆಕ್ಕ ಸಿಕ್ಕಿತ್ತು. ನವನಗರದ ಸರಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಹೆರಿಗೆ ವಿಭಾಗದ ಸಾಲಿನಲ್ಲಿ ಕೂತೆ. (ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋದಾಗ ಸೆಕ್ಟರ್ ಸೆಕ್ಟರ್ ಅಂತ ಕಟ್ಟಿದ ಊರು ಇದು. ವಿಳಾಸ ಕೇಳಿದರೆ ಓಣಿಯ ಹೆಸರಿಲ್ಲ, ಎಲ್ಲರೂ ನಂಬರು ಹೇಳುತ್ತಾರೆ.)

ಲೇಡಿ ಡಾಕ್ಟರು ಮೊದಲು ಅತ್ತೆಯನ್ನು ಹೊರಗೆ ಕಳಿಸಿದರು. ಅದೊಂದು ಕೆಲಸದಿಂದಲೇ ಅರ್ಧ ಮಾತು ಹೊರಬಂತು. ಕಡೇ ಮುಟ್ಟು ಯಾವಾಗ, ಕ್ಯುರೆಟಿಂಗ್ ಆಗಿ ಎಷ್ಟು ದಿನ, ಕಾಪರ್ ಟಿ ಹಾಕಿಸಿದ್ದೀಯಾ, ಕೂಡಿದಾಗ ನೋವಾಗುತ್ತದಾ, ಗಂಡನಿಗೆ ಮೂತ್ರ ಮಾಡುವಾಗ ಉರಿ ಏನಾದರೂ ಇದೆಯಾ. ಎಲ್ಲಕ್ಕಿಂತ ಮುಂಚೆ ಮೂತ್ರದಲ್ಲಿ ಗರ್ಭದ ಪರೀಕ್ಷೆ. ಗರ್ಭ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಇಂಥ ನೋವಿಗೆ ಕೈ ಹಚ್ಚಬಾರದಂತೆ. ನಾಳದಲ್ಲಿ ಕೂತ ಗರ್ಭವೂ ಹೀಗೇ ನೋಯುತ್ತದೆ, ಅದು ಒಡೆದರೆ ಜೀವಕ್ಕೇ ಅಪಾಯ. ಅಪೆಂಡಿಕ್ಸ್ ಇರಬಹುದಾ ಅಂತ ಬಲಗಡೆಯೂ ಒತ್ತಿ ನೋಡಿದರು.

ಆಮೇಲೆ ಒಳಪರೀಕ್ಷೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರ ಹೆದರಿಕೆಗೇ ಎಷ್ಟೋ ಜನ ಬಾಗಿಲಿನಿಂದ ವಾಪಸ್ ಹೋಗುತ್ತಾರೆ. ಹಸಿರು ಪರದೆ, ರೆಕ್ಸಿನ್ ಹಾಸಿದ ಎತ್ತರದ ಟೇಬಲ್, ಕಾಲು ಇಡಲು ಎರಡು ಕಬ್ಬಿಣದ ಆಸರೆ. ಮೊದಲು ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಹಿಡಿಯುವ ಸಲಕರಣೆ) ಹಾಕಿ ಗರ್ಭಚೀಲದ ಬಾಯಿ ನೋಡಿದರು, ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ದ್ರವ ತೆಗೆದು ಗಾಜಿನ ಪಟ್ಟಿಗೆ ಬಳಿದರು. ತಣ್ಣಗಿತ್ತು, ನೋವಿರಲಿಲ್ಲ. ಆಮೇಲೆ ಗ್ಲೌಸ್ ಹಾಕಿದ ಎರಡು ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಗರ್ಭಚೀಲದ ಬಾಯನ್ನು ಬೆರಳಿನಿಂದ ಒಂದಿಷ್ಟೇ ಆಚೆ ಸರಿಸಿದರು. ನಾನು ಕೂಗಿಬಿಟ್ಟೆ. ರೆಕ್ಸಿನ್ನಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಉಗುರಿನ ಗುರುತು ಉಳಿಯಿತು. ಅವರು ಕೂಡಲೇ ಕೈ ತೆಗೆದರು. "ಸಾಕು, ಇದೊಂದs ನೋಡೂದಿತ್ತು" ಅಂದರು.

ಆ ಕೂಗೇ ನನ್ನ ರಿಪೋರ್ಟು. ಪಿ.ಐ.ಡಿ.ಯನ್ನು ಹಿಡಿಯುವುದು ಬಹುಮಟ್ಟಿಗೆ ಹೀಗೆ: ಗರ್ಭಚೀಲದ ಬಾಯಿ ಅಲುಗಾಡಿಸಿದರೆ ನೋವು, ಅಥವಾ ಗರ್ಭಚೀಲ ಒತ್ತಿದರೆ ನೋವು, ಅಥವಾ ಪಕ್ಕದ ನಾಳ, ಅಂಡಾಶಯದ ಜಾಗ ಒತ್ತಿದರೆ ನೋವು. ಕಿಬ್ಬೊಟ್ಟೆ ನೋವಿಗೆ ಬೇರೆ ಕಾರಣ ಕಾಣದೆ ಇದರಲ್ಲಿ ಒಂದಿದ್ದರೂ ಔಷಧಿ ಶುರು ಮಾಡುತ್ತಾರೆ. ಯಾವ ರೋಗಾಣು ಅಂತ ತಿಳಿಯುವವರೆಗೆ ಕಾಯುವುದಿಲ್ಲ. ಕಾದಷ್ಟೂ ನಾಳ ಕೆಡುತ್ತದೆ.

ಡಾಕ್ಟರು ನನ್ನ ಚೀಟಿಯ ಹಿಂಬದಿಗೆ ಚಿತ್ರ ಬರೆದರು. ನಡುವೆ ಗರ್ಭಚೀಲ, ಎರಡು ಕಡೆ ತೋಳು ಚಾಚಿದ ಹಾಗೆ ನಾಳಗಳು, ಒಂದೊಂದೂ ಸುಮಾರು ಅರ್ಧ ಗೇಣು. ಕೆಳಗೆ ಯೋನಿಯಲ್ಲಿ ಇರುವ ರೋಗಾಣು ಸಾಮಾನ್ಯವಾಗಿ ಮೇಲೆ ಹತ್ತುವುದಿಲ್ಲ, ಗರ್ಭಚೀಲದ ಬಾಯಲ್ಲಿರುವ ಲೋಳೆ ತಡೆಯುತ್ತದೆ. ಗಂಡ ಹೆಂಡತಿ ಕೂಡುವುದರಿಂದ ಹರಡುವ ಕ್ಲಮೈಡಿಯಾ, ಗೊನೋರಿಯಾದಂಥ ರೋಗಾಣುಗಳು ಆ ತಡೆಯನ್ನು ದಾಟುತ್ತವೆ. ಹೆರಿಗೆ, ಗರ್ಭಪಾತ, ಕ್ಯುರೆಟಿಂಗ್ ಆದಾಗ ಆ ಬಾಗಿಲು ತೆರೆದಿರುತ್ತದೆ, ಆಗ ಯೋನಿಯಲ್ಲೇ ಇರುವ ಮಾಮೂಲಿ ರೋಗಾಣುಗಳೂ ಮೇಲೆ ಹೋಗಬಹುದು. ನಾಳದ ಒಳಮೈಯಲ್ಲಿ ಬಹಳ ಸೂಕ್ಷ್ಮವಾದ ಕೂದಲಿನಂಥ ಎಳೆಗಳಿವೆ, ಅಂಡವನ್ನು ಗರ್ಭಚೀಲದ ಕಡೆ ತಳ್ಳುವುದು ಅವು. ಸೋಂಕಿನಿಂದ ಬಾವು ಬಂದಾಗ ಅವು ಉದುರುತ್ತವೆ, ಗೋಡೆಗೆ ಗೋಡೆ ಅಂಟುತ್ತದೆ. ನೇಕಾರರ ಮನೆಯವಳಾದ ನನಗೆ ಇದು ಕೂಡಲೇ ತಿಳಿಯಿತು: ಗಂಜಿ ಹಾಕಿದ ನೂಲನ್ನು ಬಿಡಿಸದೆ ಒಣಗಲು ಬಿಟ್ಟರೆ ಎಳೆಗೆ ಎಳೆ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಎಳೆದರೂ ಹರಿಯುತ್ತದೆಯೇ ಹೊರತು ಬಿಡಿಸಿಕೊಳ್ಳುವುದಿಲ್ಲ. ಔಷಧಿ ರೋಗಾಣುವನ್ನು ಕೊಲ್ಲುತ್ತದೆ, ಅಂಟಿದ್ದನ್ನು ಬಿಡಿಸುವುದಿಲ್ಲ.

"ಯಾರಿಂದ ಬಂತ್ರೀ ಮತ್ತ?" ಅಂತ ನಾನು ಕೇಳಿದೆ.

"ತಂಗಿ, ಅದನ್ನ ಹುಡುಕ್ಕೋತ ಕುಂತ್ರ ನಿನ್ನ ಮನಿ ಕೆಡತೈತಿ, ಹೊಟ್ಟಿ ಗುಣಾ ಆಗೂದಿಲ್ಲ. ಕ್ಯುರೆಟಿಂಗ್‌ದಾಗ ಬಂದಿರಬಹುದು. ಮದಲಿಂದ ಯಾರದರ ಒಬ್ಬರ ಮೈಯಾಗ ಸುಮ್ನ ಇದ್ದಿರಬಹುದು. ಕ್ಲಮೈಡಿಯಾ ಅಂಬೂದು ತಿಂಗಳಗಟ್ಟಲೆ ಏನೂ ತೋರಿಸದ ಇರತೈತಿ. ಇಬ್ರೂ ಗುಳಿಗಿ ತಗೋರಿ, ಮುಗೀತು."

ಮುಗಿಯಲಿಲ್ಲ. ಅಲ್ಲಿಂದಲೇ ಶುರುವಾದದ್ದು.

ಸುರಕ್ಷಾ ಕ್ಲಿನಿಕ್ ಅಂತ ಬೋರ್ಡ್ ಇರುವ ಕೋಣೆಗೆ ಕಳಿಸಿದರು. ಲೈಂಗಿಕ ಸೋಂಕು, ಜನನಾಂಗದ ಸೋಂಕುಗಳಿಗೆ ಸರಕಾರ ನಡೆಸುವ ಕ್ಲಿನಿಕ್, ಔಷಧಿ ಪುಕ್ಕಟೆ. ಬೋರ್ಡಿನ ಕೆಳಗೆ ಕೂತವರೆಲ್ಲ ಗೋಡೆ ನೋಡುತ್ತಿದ್ದರು, ನಾನೂ ಸೆರಗು ಮುಂದಕ್ಕೆ ಎಳೆದುಕೊಂಡೆ. ಒಳಗಿದ್ದ ಆಪ್ತ ಸಮಾಲೋಚಕಿ ಎಚ್.ಐ.ವಿ. ಮತ್ತು ಸಿಫಿಲಿಸ್ ಪರೀಕ್ಷೆಗೆ ರಕ್ತ ಕೊಡಿಸಿದರು, ಎರಡೂ ಇಲ್ಲ ಅಂತ ಬಂತು. ಆಮೇಲೆ ಮೇಜಿನ ಮೇಲೆ ಎರಡು ಪಾಕೀಟು ಇಟ್ಟರು. ಅಲ್ಲಿ ಕಾಯಿಲೆಯ ಹೆಸರು ಬರೆಯುವುದಿಲ್ಲ, ಬಣ್ಣದಿಂದ ಗುರುತು. ಕಿಬ್ಬೊಟ್ಟೆ ನೋವಿನದು ಹಳದಿ, ಅದು ನನ್ನದು: ಸೆಫಿಕ್ಸಿಮ್ 400 ಮಿಲಿಗ್ರಾಂ ಒಂದೇ ಸಲ, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ 14 ದಿನ, ಮೆಟ್ರೊನಿಡಜೋಲ್ 400 ಮಿಲಿಗ್ರಾಂ ದಿನಕ್ಕೆ ಎರಡು ಸಲ 14 ದಿನ. ಬೂದು ಬಣ್ಣದ್ದು ಗಂಡನಿಗೆ: ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಎರಡೂ ಒಂದೇ ಸಲ ನುಂಗಿದರೆ ಆಯಿತು. ನನಗೆ ಎರಡು ವಾರ, ಅವರಿಗೆ ಒಂದು ಗುಟುಕು ನೀರು. ಆ ಹೊತ್ತಿನಲ್ಲೂ ನಗು ಬಂತು.

ಹೆಚ್ಚಿನವರಿಗೆ ಮನೆಯಲ್ಲೇ ಔಷಧಿ ಸಾಕಾಗುತ್ತದೆ. ಬಸುರಿಯಾಗಿದ್ದರೆ, ಗುಳಿಗೆ ವಾಂತಿಯಾಗಿ ಹೋಗುತ್ತಿದ್ದರೆ, ಜ್ವರ ಏರಿದ್ದರೆ, ನಾಳದಲ್ಲಿ ಕೀವಿನ ಗಡ್ಡೆ ಇದ್ದರೆ ಭರ್ತಿ ಮಾಡಿಕೊಂಡು ನರಕ್ಕೆ ಔಷಧಿ ಕೊಡುತ್ತಾರೆ. ನನಗೆ 3 ದಿನ ಬಿಟ್ಟು ಬರಲು ಹೇಳಿದರು. ಅಷ್ಟರಲ್ಲಿ ಕಡಿಮೆಯಾಗದಿದ್ದರೆ ಭರ್ತಿ. ಇಬ್ಬರ ಔಷಧಿಯೂ ಮುಗಿದು ನೋವು ಪೂರ್ತಿ ಹೋಗುವ ತನಕ ಕೂಡುವ ಹಾಗಿಲ್ಲ ಅಂತಲೂ ಹೇಳಿದರು.

ಮನೆಯವರು ಬೂದು ಪಾಕೀಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನನಗೇನಾಗೇತಿ? ನಾ ಗಟ್ಟಿ ಅದೀನಿ."

"ಏನೂ ಆಗಿಲ್ರೀ. ಇಬ್ರೂ ತಗೋಬೇಕಂತ. ನಾ ಒಬ್ಬಾಕಿ ತಗೊಂಡ್ರ ತಿರಗಿ ಬರತೈತಂತ."

"ಅಂದ್ರ ನನ್ನ ಮ್ಯಾಲ ಸಂಶಯಾ?"

"ಇಲ್ರೀ."

"ಹಂಗಾದ್ರ ನಾನೂ ನಿನ್ನ ಮ್ಯಾಲ ಸಂಶಯಾ ಪಡಬೇಕೇನು?"

ಈ ಮಾತಿಗೆ ಉತ್ತರ ಕೊಡಲಿಲ್ಲ. ಪಾಕೀಟು ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಕೂತಿತು. ಕೆಳಗೆ ಮಗ್ಗ ಬಡಿಯುತ್ತಲೇ ಇತ್ತು, ಅದರ ಸದ್ದಿನಲ್ಲಿ ನಮ್ಮ ಜಗಳ ಅತ್ತೆಗೆ ಕೇಳದೇ ಇದ್ದದ್ದು ಪವರ್‌ಲೂಮ್ ಮನೆಯ ಒಂದು ಅನುಕೂಲ.

ನಾನು ನನ್ನದನ್ನು ಶುರು ಮಾಡಿದೆ. ಮೆಟ್ರೊನಿಡಜೋಲಿನಿಂದ ಬಾಯಿ ಕಹಿ, ಲೋಹದ ರುಚಿ, ರೊಟ್ಟಿ ಸೇರುವುದಿಲ್ಲ. ಡಾಕ್ಸಿಸೈಕ್ಲಿನನ್ನು ಊಟ ಆದ ಮೇಲೆ ತುಂಬಿದ ತಂಬಿಗೆ ನೀರಿನ ಜೊತೆ ನುಂಗಬೇಕು, ನುಂಗಿ ಕೂಡಲೇ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಹಾಲು, ಕಬ್ಬಿಣದ ಗುಳಿಗೆ, ಆ್ಯಸಿಡಿಟಿ ಔಷಧಿ ಅದರ ಜೊತೆಗೆ ಬೇಡ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ನಮ್ಮ ಕಡೆಯ ಬಿಸಿಲಿನಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಜ್ವರ ಬೇಗ ಬಿಟ್ಟಿತು, ನೋವು ನಿಧಾನಕ್ಕೆ ಇಳಿಯಿತು. ನೋವು ಹೋದ ಮೇಲೆ ಉಳಿದ ಗುಳಿಗೆ ನುಂಗುವುದೇ ಕಷ್ಟ. ಬಹಳ ಜನ ಅರ್ಧಕ್ಕೆ ಬಿಡುವುದು ಇಲ್ಲೇ ಅಂತ ಸಮಾಲೋಚಕಿ ಎಚ್ಚರಿಸಿದ್ದರು.

ಮರಳಿ ತೋರಿಸಲು ಹೋದಾಗ ಮನೆಯವರನ್ನು ಕರೆದುಕೊಂಡು ಹೋದೆ, ಬಸ್ಸಿನಲ್ಲಿ ಒಬ್ಬಳೇ ಹೋಗಲಾಗದು ಅಂತ ಹೇಳಿ. ಸಮಾಲೋಚಕಿ ಅವರನ್ನು ಮಾತ್ರ ಒಳಗೆ ಕೂರಿಸಿಕೊಂಡರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನನಗೆ ಕೇಳುತ್ತಿತ್ತು. ಇವರು ಮೊದಲೇ ಕೇಳಿದ್ದು, "ಇದು ಆಕಿಗಿ ಹ್ಯಾಂಗ ಬಂತ್ರೀ?" ಆಕೆ ಒಂದಿಷ್ಟೂ ದನಿ ಏರಿಸದೆ, "ಅಣ್ಣಾರ, ನನಗ ಗೊತ್ತಿಲ್ಲ, ನಿಮಗೂ ಗೊತ್ತಾಗೂದಿಲ್ಲ, ಯಾವ ಪರೀಕ್ಷಾನೂ ಅದನ್ನ ಹೇಳೂದಿಲ್ಲ. ನಿಮಗ ಇನ್ನೊಂದು ಕೂಸು ಬೇಕೋ ಬ್ಯಾಡೋ ಅಷ್ಟ ಹೇಳ್ರಿ" ಅಂದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನೀರಿನ ಬಾಟಲಿ ಮುಚ್ಚಳ ತೆಗೆದ ಸಪ್ಪಳ. ಹೊರಗೆ ಬಂದವರು ಖಾಲಿ ಪಾಕೀಟನ್ನು ನನ್ನ ಚೀಲಕ್ಕೆ ಹಾಕಿ, "ನಡಿ, ಚಾ ಕುಡಿಯೂಣು" ಅಂದರು. ಮದುವೆಯಾದ ಮೇಲೆ ಅವರ ಮೇಲೆ ಅಷ್ಟು ಪ್ರೀತಿ ಬಂದ ದಿನ ಇನ್ನೊಂದಿಲ್ಲ ಅಂದರೆ ಉತ್ಪ್ರೇಕ್ಷೆಯಲ್ಲ.

ನನ್ನ ನಾದಿನಿ ಇದನ್ನೆಲ್ಲ ಕೇಳಿ ತನ್ನ ಕಾಪರ್ ಟಿ ತೆಗೆಸಲು ಹೊರಟಿದ್ದಳು. ಅದನ್ನೂ ಕೇಳಿಕೊಂಡು ಬಂದೆ. ಕಾಪರ್ ಟಿಯಿಂದ ಈ ಸೋಂಕಿನ ಅಪಾಯ ಹೆಚ್ಚಾಗಿ ಹಾಕಿದ ಮೊದಲ 3 ವಾರ, ಆಮೇಲೆ ಬಹಳ ಕಡಿಮೆ. ಅವಳದು ಹಾಕಿಸಿ ವರ್ಷಗಳಾಗಿವೆ, ಹೆದರಬೇಕಿಲ್ಲ. ಒಳಗಿನವರೆಗೆ ಸಾಬೂನು ನೀರು, ಡೆಟಾಲ್ ಹಾಕಿ ತೊಳೆಯುವ ಅಭ್ಯಾಸ ಮಾತ್ರ ಇಬ್ಬರೂ ಬಿಟ್ಟೆವು. ಅದರಿಂದ ಒಳ್ಳೇ ರೋಗಾಣು ಸತ್ತು ಕೆಟ್ಟವಕ್ಕೆ ಜಾಗ ಸಿಗುತ್ತದಂತೆ.

ಇಷ್ಟಾಗಿ ಕಾಯಿಲೆ ಮುಗಿಯಿತು ಅಂದುಕೊಂಡೆವು. ವರ್ಷ ದಾಟಿದರೂ ಗರ್ಭ ನಿಲ್ಲಲಿಲ್ಲ. ಒಮ್ಮೊಮ್ಮೆ ಎಡಗಡೆ ಎಳೆದಂತೆ ಸಣ್ಣ ನೋವು, ಅದು ಈಗಲೂ ಇದೆ. ಪಿ.ಐ.ಡಿ. ಆದವರಲ್ಲಿ ಕೆಲವರಿಗೆ ಇದು ವರ್ಷಗಟ್ಟಲೆ ಉಳಿಯುತ್ತದೆ.

ಈ ಸಲ ಇಬ್ಬರಿಗೂ ಪರೀಕ್ಷೆ. ಮನೆಯವರು ವೀರ್ಯ ಪರೀಕ್ಷೆಗೆ ತಕರಾರಿಲ್ಲದೆ ಹೋಗಿ ಬಂದರು, ಅದರಲ್ಲಿ ಏನೂ ದೋಷವಿರಲಿಲ್ಲ. ನನಗೆ ಬೆಳಗಾವಿಯಲ್ಲಿ ಎಚ್.ಎಸ್.ಜಿ. ಮಾಡಿಸಿದರು. ಗರ್ಭಚೀಲದೊಳಗೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವ ಪರೀಕ್ಷೆ ಅದು. ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಯಾಗುವ ಮೊದಲು ಮಾಡಬೇಕು. ಮುಂಚೆ ನೋವಿನ ಗುಳಿಗೆ ಕೊಟ್ಟಿದ್ದರು. ಆದರೂ ದ್ರವ ಒಳಗೆ ಹೋಗುವಾಗ ಹೊಟ್ಟೆ ಹಿಂಡಿತು, ಕೆಲವೇ ನಿಮಿಷ. ಪರದೆ ನನಗೂ ಕಾಣುತ್ತಿತ್ತು. ಮೊದಲು ನಡುವೆ ಬಿಳಿ ತ್ರಿಕೋನ ಮೂಡಿತು. ಬಲಗಡೆ ಒಂದು ಸಣ್ಣ ಗೆರೆ ಸೊಟ್ಟಸೊಟ್ಟ ಓಡಿ ತುದಿಗೆ ಹೋಗಿ ಹೊಗೆಯಂತೆ ಚದುರಿತು. ಎಡಗಡೆಯ ಗೆರೆ ಅರ್ಧ ದಾರಿ ಸರಿಯಾಗಿ ಹೋಗಿ, ಆಮೇಲೆ ದಪ್ಪಗಾಗುತ್ತ ಹೋಗಿ, ತುದಿಯಲ್ಲಿ ಉಬ್ಬಿ ನಿಂತುಬಿಟ್ಟಿತು. ಚದುರಲಿಲ್ಲ. ಯಾರೂ ವಿವರಿಸಬೇಕಾಗಲಿಲ್ಲ. ತುದಿ ಮುಚ್ಚಿ ಒಳಗೆ ನೀರು ತುಂಬಿದ ನಾಳ. ಹಳೇ ಸೋಂಕು ಈ ಪರೀಕ್ಷೆಯಿಂದ ಮತ್ತೆ ಕೆರಳಬಾರದು ಅಂತ 5 ದಿನಕ್ಕೆ ಡಾಕ್ಸಿಸೈಕ್ಲಿನ್ ಮತ್ತೆ ಕೊಟ್ಟರು.

ಟಿ.ಬಿ. ಇದೆಯಾ ಅಂತಲೂ ನೋಡಿದರು. ನಮ್ಮ ದೇಶದಲ್ಲಿ ನಾಳ ಮುಚ್ಚಿದ ಹೆಂಗಸರಲ್ಲಿ ಜನನಾಂಗದ ಟಿ.ಬಿ. ಮರೆಯುವ ಹಾಗಿಲ್ಲ. ಅದು ಕೆಮ್ಮು ಇಲ್ಲದೆಯೂ ನಾಳಕ್ಕೆ ಹೋಗಿ ಕೂರಬಹುದು, ಅದರ ಔಷಧಿಯೇ ಬೇರೆ. ಗರ್ಭಚೀಲದ ಒಳಪದರದ ಚೂರು ತೆಗೆದು ಕಳಿಸಿದರು. ಟಿ.ಬಿ. ಇರಲಿಲ್ಲ.

ಅಂಕಿ ಹುಡುಕಿ ಓದಿದ್ದು ಈ ಹೊತ್ತಿನಲ್ಲಿ. ಕ್ಲಾರ್ಕ್ ಕೆಲಸದ ಚಟ. ಸ್ವೀಡನ್ನಿನ ಲುಂಡ್ ಎಂಬ ಊರಿನಲ್ಲಿ, ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡಿ ಪಿ.ಐ.ಡಿ. ಖಾತ್ರಿಯಾದ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಒಮ್ಮೆ ಕಾಯಿಲೆ ಬಂದವರಲ್ಲಿ ನಾಳ ಕೆಟ್ಟು ಮಕ್ಕಳಾಗದವರು 100ಕ್ಕೆ 8, ಎರಡು ಸಲ ಬಂದವರಲ್ಲಿ ಸುಮಾರು 20, ಮೂರು ಅಥವಾ ಹೆಚ್ಚು ಸಲ ಬಂದವರಲ್ಲಿ 40. ಅಲ್ಲಿನದೇ ಇನ್ನೊಂದು ಲೆಕ್ಕದಲ್ಲಿ, ನೋವು ಬಂದ ಮೇಲೆ 3 ದಿನದೊಳಗೆ ಆಸ್ಪತ್ರೆಗೆ ಹೋದವರಿಗಿಂತ ತಡ ಮಾಡಿದವರಿಗೆ ಬಂಜೆತನ ಅಥವಾ ನಾಳದ ಗರ್ಭದ ಅಪಾಯ ಸುಮಾರು ಮೂರು ಪಟ್ಟು. ಮೊದಲ ಅಂಕಿ ನೋಡಿದರೆ 100ರಲ್ಲಿ 92 ಜನರಿಗೆ ಆ ತೊಂದರೆಯಿಲ್ಲ. ಮನೆಯವರಿಗೆ ಓದಿ ಹೇಳಿದಾಗ ನಾನು ಒತ್ತಿ ಹೇಳಿದ್ದು ಎರಡನೇ ಅಂಕಿ. ಆ ಬೂದು ಪಾಕೀಟು ಗೂಡಿನಲ್ಲೇ ಉಳಿದಿದ್ದರೆ ನಾವು ಹೋಗುತ್ತಿದ್ದದ್ದು ಆ ಎರಡನೇ ಸಾಲಿಗೆ.

ಮುಂದಿನ ದಾರಿಯನ್ನು ಡಾಕ್ಟರು ನೇರವಾಗಿ ಹೇಳಿದ್ದಾರೆ. ಬಲಗಡೆಯ ನಾಳ ತೆರೆದಿರುವುದರಿಂದ ಇನ್ನೂ ಕೆಲವು ತಿಂಗಳು ತಾನಾಗಿ ಆಗುತ್ತದೋ ನೋಡಬಹುದು. ಆಗದಿದ್ದರೆ ಐ.ವಿ.ಎಫ್., ಅಂದರೆ ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಚೀಲದಲ್ಲಿ ಇಡುವುದು. ಅದಕ್ಕೆ ಮೊದಲು ಎಡಗಡೆಯ ಉಬ್ಬಿದ ನಾಳವನ್ನು ತೆಗೆಯಬೇಕು ಅಥವಾ ಗರ್ಭಚೀಲದ ಹತ್ತಿರ ಕಟ್ಟಬೇಕು, ಇಲ್ಲದಿದ್ದರೆ ಅದರೊಳಗಿನ ನೀರು ಗರ್ಭಚೀಲಕ್ಕೆ ಇಳಿದು ಭ್ರೂಣ ಕಚ್ಚಿಕೊಳ್ಳಲು ಬಿಡುವುದಿಲ್ಲ. ಅತ್ತೆಗೆ ಇದನ್ನು ಎಷ್ಟು ಹೇಳಬೇಕೋ ಅಷ್ಟು ಹೇಳಿದ್ದೇವೆ. "ಒಂದು ಬಾಗಲಾ ಹಾಕಿದ್ರ ಇನ್ನೊಂದು ಐತೆಲ್ಲ" ಅಂದರು. ಐ.ವಿ.ಎಫ್. ಖರ್ಚು ಕೇಳಿದ ಮೇಲೆ ಮನೆಯವರು ಒಂದು ಮಗ್ಗ ಮಾರುವ ಲೆಕ್ಕ ಹಾಕಿಟ್ಟಿದ್ದಾರೆ, ನಾನು ಬೇಡ ಅಂದಿದ್ದೇನೆ. ಆ ಮಾತು ಇನ್ನೂ ತೀರಿಲ್ಲ.

ಸದ್ಯಕ್ಕೆ ನಿಯಮ ಒಂದೇ. ಮುಟ್ಟು ತಪ್ಪಿದ ಕೂಡಲೇ ಮನೆಯಲ್ಲೇ ಪರೀಕ್ಷೆ, ಗರ್ಭ ಅಂತಾದರೆ 6ನೇ ವಾರದ ಹೊತ್ತಿಗೆ ಸ್ಕ್ಯಾನಿಂಗ್, ಗರ್ಭಚೀಲದಲ್ಲೇ ಕೂತಿದೆಯೋ ನಾಳದಲ್ಲಿ ಸಿಕ್ಕಿಕೊಂಡಿದೆಯೋ ನೋಡಲು. ಒಂದೇ ಕಡೆ ಜೋರಾಗಿ ನೋವು, ತಲೆ ತಿರುಗುವುದು, ಭುಜದ ತುದಿಯಲ್ಲಿ ನೋವು ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಫೋನ್. ಮನೆಯವರು ಇಚಲಕರಂಜಿಯಲ್ಲಿರುವ ದಿನಗಳಿಗಾಗಿ ನಾದಿನಿಗೆ ಇದನ್ನು ಹೇಳಿಟ್ಟಿದ್ದೇನೆ. ಭುಜಕ್ಕೂ ಹೊಟ್ಟೆಗೂ ಏನು ಸಂಬಂಧ ಅಂತ ಅವಳು ಕೇಳಿದಳು. ಒಳಗೆ ರಕ್ತ ಸೋರಿ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಗೆ, ತಾಗಿದರೆ ಭುಜದಲ್ಲಿ ನೋವು ಕಾಣುತ್ತದೆ ಅಂದೆ. ಒಂದು ಸಲ ಹೇಳಿದ್ದು ಸಾಲದು ಅಂತ ಬರೆಸಿಕೊಂಡು ಹೋದಳು.